ಹಾಲಮ್ಮನ ಅರ್ಧ ಸೌಟು

ನಮ್ಮ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಹಾಲಮ್ಮ ಯಾವ ಮಗುವಿಗೂ ಮೊದಲ ಸಲಕ್ಕೆ ತುಂಬಿದ ಸೌಟು ಬಡಿಸಿದವರಲ್ಲ. ಅನ್ನ ಅರ್ಧ ಸೌಟು, ಸಾರು ಅರ್ಧ ಸೌಟು. ಬಡಿಸಿ ಮುಂದಕ್ಕೂ ಹೋಗುತ್ತಿರಲಿಲ್ಲ. ಬಕೆಟ್ಟನ್ನು ನೆಲಕ್ಕಿಟ್ಟು, ಒಂದು ಕೈ ಸೊಂಟಕ್ಕೆ ಕೊಟ್ಟು ಆ ಮಗುವಿನ ಎದುರೇ ನಿಂತುಬಿಡುತ್ತಿದ್ದರು. ಮಗು ಬಾಯಿ ಬಿಟ್ಟು "ಇನ್ನಾ ಹಾಕಜ್ಜಿ" ಅಂದರೆ ಸಾಕು, ತಟ್ಟೆ ತುಂಬುತ್ತಿತ್ತು. ಈ ಅರ್ಧ ಸೌಟಿಗಾಗಿ ಅವರನ್ನು ಕೆಲಸದಿಂದ ತೆಗೆದರು. ತೆಗೆಯಲು ಆಧಾರವಾದ ವರದಿಯ ಕೆಳಗೆ ನನ್ನ ಸಹಿ ಇದೆ. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಊರಿನ ಹೆಸರು ಬೇಡ. ಸೂಳೆಕೆರೆಯ ನಾಲೆಯ ಬಗಲಿಗಿರುವ ಸಣ್ಣ ಊರು. ನಾನು ಹೊನ್ನಾಳಿಯಿಂದ ಬಸವಾಪಟ್ಟಣಕ್ಕೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹತ್ತಿ ಬರುವವಳು. ಐದು ತರಗತಿ, ಮೂರು ಜನ ಶಿಕ್ಷಕರ ಶಾಲೆ ಅದು, ಕಾಗದದ ಮೇಲೆ. ಕೊರೊನಾ ಮುಗಿದು ಬಾಗಿಲು ತೆಗೆದ ವರ್ಷ ಹೆಡ್‌ಮೇಷ್ಟ್ರು ನಿವೃತ್ತರಾದರು. ಮರುವರ್ಷ ಇನ್ನೊಬ್ಬ ಮೇಡಂ ವರ್ಗಾವಣೆ ತಗೊಂಡು ಹೋದರು. ಅವರಿಬ್ಬರ ಜಾಗಕ್ಕೆ ಬಂದದ್ದು ಯಾರು ಅಂದರೆ, ಯಾರೂ ಇಲ್ಲ. "ಅತಿಥಿ ಶಿಕ್ಷಕರನ್ನು ಕೊಡ್ತೇವೆ ಮೇಡಂ, ಸ್ವಲ್ಪ ಸುಧಾರಿಸ್ಕೊಳ್ಳಿ" ಅಂದರು ಇಲಾಖೆಯವರು. ಸುಧಾರಿಸಿಕೊಂಡೆ. ಪಾಠವೂ ನಾನೇ, ಗಂಟೆಯೂ ನಾನೇ, ಹಾಲು ಮೊಟ್ಟೆಯ ಲೆಕ್ಕವೂ ನಾನೇ, ನೆಟ್‌ವರ್ಕ್ ಸಿಗದ ಊರಿನಲ್ಲಿ ಮೊಬೈಲ್ ಎತ್ತಿ ಹಿಡಿದು ಹಾಜರಾತಿ ಕಳಿಸುವವಳೂ ನಾನೇ. ಬೀಗದ ಕೈ ಮಾತ್ರ ಹಾಲಮ್ಮನ ಸೆರಗಿನ ತುದಿಯಲ್ಲಿರುತ್ತಿತ್ತು. ನನ್ನ ಬಸ್ಸು ತಡವಾದ ದಿನ ಶಾಲೆ ತಡವಾಗಬಾರದಲ್ಲ.

ಅರವತ್ತರ ಹತ್ತಿರದ ಹೆಂಗಸು. ಕುಳ್ಳಗೆ, ಗಟ್ಟಿಮುಟ್ಟು. ಮಕ್ಕಳ ಬಾಯಲ್ಲಿ ಹಾಲಜ್ಜಿ. ಓದು ಬರಹ ಇಲ್ಲ, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಅದನ್ನೇ ಒಂದು ಉಪಾಯ ಮಾಡಿಕೊಂಡಿದ್ದರು. ಅಕ್ಕಿ ಮೂಟೆ ಬಂದ ದಿನ ನಾಲ್ಕನೇ ತರಗತಿಯವರನ್ನು ಕೂಗಿ, "ನಂಗೆ ಓದಾಕೆ ಬರಲ್ಲ ಕಣ್ರೋ, ಇದರ ಮೇಲೆ ಏನು ಬರದೈತೆ ಹೇಳ್ರಿ" ಅನ್ನುವರು. ಎರಡು ವರ್ಷ ಮನೆಯಲ್ಲಿ ಕೂತು ಅಕ್ಷರ ಮರೆತು ಬಂದಿದ್ದ ಹುಡುಗರು ನನ್ನ ಮುಂದೆ ಪುಸ್ತಕ ಬಿಚ್ಚಿದರೆ ಬೆವರುತ್ತಿದ್ದರು. ಹಾಲಜ್ಜಿಯ ಮುಂದೆ ಮೂಟೆಯ ಮೇಲೆ ಬೆರಳಿಟ್ಟು, ಕೂಡಿಸಿ ಕೂಡಿಸಿ ಓದುತ್ತಿದ್ದರು. ತಪ್ಪು ಓದಿದರೂ ಅಜ್ಜಿಗೆ ಗೊತ್ತಾಗುವುದಿಲ್ಲ ಅನ್ನುವ ಧೈರ್ಯ ಅವರಿಗೆ. ಎಣ್ಣೆ ಪ್ಯಾಕೆಟ್ಟು, ಬೇಳೆ ಚೀಲ, ಉಪ್ಪು, ಯಾವುದನ್ನೂ ಓದಿಸದೆ ಅವರು ಒಳಗೆ ಇಡಿಸುತ್ತಿರಲಿಲ್ಲ.

ಶಾಲೆ ತೆರೆದ ಮೊದಲ ವಾರವೇ ಅವರು ನನ್ನ ಹತ್ತಿರ ಬಂದು, "ಟೀಚರಮ್ಮ, ಹುಡ್ರು ಜಗಳ ಆಡ್ತಿಲ್ಲ ನೋಡಿದ್ರಾ?" ಅಂದರು.

"ಒಳ್ಳೇದೇ ಆಯ್ತಲ್ಲ ಹಾಲಮ್ಮ."

"ಏನು ಒಳ್ಳೇದ್ರೀ. ಮೊದ್ಲು ಸಾರಿನ ಬಕೆಟ್ಟು ಕಂಡ್ರೆ ಸಾಕು, ನಂಗೆ ನಂಗೆ ಅಂತ ಕಿತ್ತಾಡ್ತಿದ್ವು. ಈಗ ಹಾಕಿದ್ದು ತಿಂತಾವೆ, ತಟ್ಟೆ ತೊಳೀತಾವೆ, ಹೋಗ್ತಾವೆ. ಹುಡ್ರು ಅನ್ನದ ಮುಂದೆ ಸುಮ್ಕೆ ಕೂತ್ರೆ ಅದು ರೋಗ."

ನಾನು ನಕ್ಕು ಬಿಟ್ಟೆ. ಇಬ್ಬರೇ ಸೇರಿ ಐದು ತರಗತಿ ನೋಡುವವರಿಗೆ ಸುಮ್ಮನಿರುವ ಮಕ್ಕಳಿಗಿಂತ ದೊಡ್ಡ ವರ ಯಾವುದು. ಮಾರನೇ ದಿನದಿಂದ ಅರ್ಧ ಸೌಟು ಶುರುವಾಯಿತು. "ಅಳದಿದ್ರೆ ಹೆತ್ತವ್ವನೂ ಹಾಲು ಕೊಡಲ್ಲ ಅಂತಾರಲ್ಲ, ಇವು ಕೇಳೋದನ್ನೇ ಮರ್ತಾವೆ. ಕೇಳಾಕೆ ಕಲೀಲಿ" ಅಂದರು. ಹಾಗಂತ ಯಾರನ್ನೂ ಅರೆಹೊಟ್ಟೆಯಲ್ಲಿ ಎಬ್ಬಿಸಿದವರಲ್ಲ. ಕೇಳದ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಸಾರು ಹೆಂಗೈತೆ? ಖಾರ ಆಯ್ತಾ? ನಿಮ್ಮನೇಲಿ ಹಿಂಗೆ ಮಾಡ್ತಾರಾ?" ಅಂತ ಕೆದಕುವರು. ಅದಕ್ಕೂ ಮಾತು ಬರದಿದ್ದರೆ ಎರಡನೇ ಸುತ್ತಿನಲ್ಲಿ ಸುಮ್ಮನೆ ತುಂಬ ಬಡಿಸುವರು. ನಾಳೆ ಮತ್ತೆ ಅರ್ಧ. ತಿಂಗಳು ಎರಡು ತಿಂಗಳಲ್ಲಿ ನಮ್ಮ ಶಾಲೆಯ ಜಗುಲಿ ಮತ್ತೆ ಸಂತೆಯಾಯಿತು, ನನಗೆ ತಲೆನೋವು ಬಂತು.

ಬಾಯಿ ಬಿಡದೆ ಉಳಿದವಳು ರಕ್ಷಿತಾ ಒಬ್ಬಳು. ಶಾಲೆ ಮುಚ್ಚಿದ್ದಾಗಲೇ ಒಂದನೇ ತರಗತಿಗೆ ದಾಖಲಾಗಿ, ಶಾಲೆ ಅಂದರೇನು ಅಂತ ನೋಡದೆಯೇ ಮುಂದಿನ ತರಗತಿಗೆ ಬಂದವಳು. ಅವಳನ್ನು ಸಾಕಿದ್ದು ಅಜ್ಜಿ. ಆ ಅಜ್ಜಿಯನ್ನು ಎರಡನೇ ಅಲೆಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು, ಮತ್ತೆ ಮನೆಗೆ ತರಲಿಲ್ಲ. ಮುಖ ಕೂಡ ತೋರಿಸಲಿಲ್ಲ. "ಮನೇಲೂ ಮಾತು ಕಮ್ಮಿ ಮಿಸ್" ಅಂತ ಅವಳ ತಾಯಿ ನನಗೆ ಹೇಳಿದ್ದಳು. ನಾನು ಏನು ಮಾಡಿದೆ? ಹಾಜರಿ ಕೂಗಿದಾಗ ಅವಳು ಬೆರಳು ಎತ್ತುತ್ತಿದ್ದಳು, ನಾನು ಗುರುತು ಹಾಕುತ್ತಿದ್ದೆ. ನಿಜ ಹೇಳುತ್ತೇನೆ, ಅಷ್ಟಕ್ಕಿಂತ ಹೆಚ್ಚು ನೋಡಲು ನನ್ನಲ್ಲಿ ಕಣ್ಣು ಉಳಿದಿರಲಿಲ್ಲ.

ಆ ಕಾಲದಲ್ಲಿ ನನಗೂ ಏನೋ ಆಗಿತ್ತು. ಒಂದು ಮಧ್ಯಾಹ್ನ, ಎರಡನೇ ತರಗತಿಯ ಮಗುವೊಂದು ಅದೇ ಲೆಕ್ಕವನ್ನು ನಾಲ್ಕನೇ ಸಲ ತಪ್ಪು ಮಾಡಿತು ಅಂತ, ಕೋಲು ಎತ್ತಿದ್ದೆ. ನಾನು ಮಕ್ಕಳನ್ನು ಹೊಡೆಯುವವಳಲ್ಲ. ಹಾಲಮ್ಮ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು, ಏನೂ ಆಗದವರ ಹಾಗೆ, "ಆ ಕೋಲು ಕೊಡ್ರಿ ಟೀಚರಮ್ಮ, ಒಲೆಗೆ ಬೇಕು" ಅಂದು ಕೈಯಿಂದ ತಗೊಂಡರು. "ಅಲ್ಲಿ ಚಾ ಇಟ್ಟೀನಿ. ಹೋಗಿ ಕುಡ್ದು ಬರ್ರಿ. ಅಳಾದಿದ್ರೆ ಅತ್ತು ಬರ್ರಿ. ಅಲ್ಲೀಗಂಟ ಇವರಿಗೆ ನಾನು ಒಗಟು ಹೇಳ್ತೀನಿ." ಹೋದೆ. ಅತ್ತೆ. ನಮ್ಮ ಅಡುಗೆಕೋಣೆಯಲ್ಲಿರುವುದು ಗ್ಯಾಸ್ ಒಲೆ, ಅದಕ್ಕೆ ಕೋಲು ಯಾತಕ್ಕೆ ಅಂತ ಚಾ ಮುಗಿದ ಮೇಲೆ ಹೊಳೆಯಿತು.

ಇದರ ನಡುವೆ ನಮಗೊಂದು ತರಬೇತಿ ಇಟ್ಟರು. ಕೊರೊನಾ ನಂತರ ಮಕ್ಕಳಲ್ಲೂ ಶಿಕ್ಷಕರಲ್ಲೂ ಒತ್ತಡ, ಅದರ ನಿರ್ವಹಣೆ. ಫ್ಯಾನು ತಿರುಗದ ಹಾಲ್‌ನಲ್ಲಿ ಇಡೀ ದಿನ ಕೂರಿಸಿ, ಗೋಡೆಯ ಮೇಲೆ ಚಿತ್ರ ಬಿಟ್ಟು, "ಮಗು ಮಾತನಾಡುವ ಅವಕಾಶಗಳನ್ನು ಸೃಷ್ಟಿಸಿ" ಅಂದರು. ಎಲ್ಲರೂ ಬರೆದುಕೊಂಡೆವು. ನಾವೆಲ್ಲ ಅಲ್ಲಿ ಕೂತರೆ ಇಲ್ಲಿ ಶಾಲೆ ನಡೆಸುವವರು ಯಾರು ಅಂತ ಒಬ್ಬರೂ ಕೇಳಲಿಲ್ಲ. ಆ ದಿನ ನಮ್ಮ ಶಾಲೆ ನಡೆಸಿದವರು, ಅನ್ನ ಬೇಯಿಸುತ್ತ, ಹಾಲಮ್ಮ. ಅವಕಾಶ ಸೃಷ್ಟಿಸಲು ಅವರಿಗೆ ಯಾವ ತರಬೇತಿಯೂ ಬೇಕಾಗಿರಲಿಲ್ಲ, ಸೌಟು ಸಾಕಾಗಿತ್ತು.

ರಕ್ಷಿತಾಳ ಮುಂದೆ ಅವರು ಕಾಯದ ದಿನವಿಲ್ಲ. ಮರುವರ್ಷದ ದಸರಾ ರಜೆ ಕಳೆಯಿತು, ಸಂಕ್ರಾಂತಿ ಕಳೆಯಿತು. ಹುಡುಗಿ ತಟ್ಟೆ ನೋಡುವಳು, ನೆಲ ನೋಡುವಳು. ಆಮೇಲೆ ತಟ್ಟೆಯನ್ನು ಒಂದು ಚೂರು ಮುಂದೆ ತಳ್ಳುವುದನ್ನು ಕಲಿತಳು. "ತಟ್ಟೆ ಮಾತಾಡ್ತು. ಇನ್ನು ಒಡತಿ ಮಾತಾಡ್ಲಿ" ಅಂದರು ಹಾಲಮ್ಮ. ಒಂದು ದಿನ ನಾನು ಒಳಗೆ ನೋಟ್‌ಬುಕ್ ತಿದ್ದುತ್ತಿದ್ದಾಗ ಅವರು ಸೌಟು ಹಿಡಿದುಕೊಂಡೇ ಓಡಿ ಬಂದರು. ಸಾರು ನೆಲಕ್ಕೆಲ್ಲ ತೊಟ್ಟಿಕ್ಕುತ್ತಿತ್ತು.

"ಇನ್ನಾ ಅಂತು ಟೀಚರಮ್ಮ. ಅದು ಇನ್ನಾ ಅಂತು."

ಅಷ್ಟೇ ಹೇಳಿ ತಿರುಗಿ ಓಡಿದರು. ಎಲ್ಲಿ ಮಗು ಕಾಯುತ್ತಾ ಕೂತಿರುತ್ತದೋ ಅಂತ.

ಬಿಸಿಯೂಟದ ತಪಾಸಣೆಗೆ ಸಾಹೇಬರು ಬಂದದ್ದು ಅದಾಗಿ ಕೆಲವು ವಾರಕ್ಕೆ, ಸರಿಯಾಗಿ ಊಟದ ಹೊತ್ತಿಗೆ. ನಾನು ಮೊಟ್ಟೆ ಸುಲಿಯುತ್ತಿದ್ದೆ. ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಅವರು ಅರ್ಧ ಸೌಟು ಬಿದ್ದ ತಟ್ಟೆಗಳ ಫೋಟೋ ಹೊಡೆದು ಮುಗಿಸಿದ್ದರು.

"ಏನಮ್ಮಾ, ಇಷ್ಟೇನಾ ನೀನು ಹಾಕೋದು?"

"ಮೊದ್ಲು ಇಷ್ಟೇ ಸಾಹೇಬ್ರೆ. ಆಮೇಲೆ ಕೇಳ್ತಾವೆ, ಆವಾಗ ಹಾಕ್ತೀನಿ."

"ಯಾಕೆ, ಮಕ್ಕಳು ಭಿಕ್ಷೆ ಬೇಡಬೇಕಾ?"

ಇಷ್ಟು ಒಳ್ಳೆಯ ಮಾತನ್ನು ಇಷ್ಟು ಕೆಟ್ಟ ಕೆಲಸಕ್ಕೆ ಬಳಸಿದ್ದನ್ನು ನಾನು ಅದೇ ಮೊದಲು ಕಂಡದ್ದು. ನಾನು ಹೇಳಹೊರಟೆ. ಮಕ್ಕಳು ಮಾತು ಬಿಟ್ಟದ್ದು, ಅಜ್ಜಿ ಕಾಯುವುದು, ಎರಡನೇ ಸುತ್ತು. "ಹತ್ತು ನಿಮಿಷ ನಿಂತು ನೋಡಿ ಸರ್, ಯಾರೂ ಹಸಿದು ಏಳಲ್ಲ" ಅಂದೆ. ಅವರು ಗಡಿಯಾರ ನೋಡಿದರು. "ಇನ್ನೂ ಮೂರು ಶಾಲೆ ಇದೆ ಮೇಡಂ. ನಮ್ಮಲ್ಲೂ ಸ್ಟಾಫ್ ಇಲ್ಲ. ಒತ್ತಡ ನಿಮಗೊಬ್ಬರಿಗೇ ಅಲ್ಲ." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಇರುತ್ತಾರೆ. ಇವರು ಕೊಟ್ಟಿಗೆಯ ತನಕ ಬಂದು, ಎತ್ತನ್ನು ಕಣ್ಣಾರೆ ಕಂಡು, ಹಾಗೇ ಬರೆದುಕೊಂಡವರು.

ಆಮೇಲೆ ಮಕ್ಕಳ ಕಡೆ ತಿರುಗಿ, "ಅಡುಗೆಯವರು ಎಷ್ಟು ಬಡಿಸ್ತಾರೆ? ಹೆದರಬೇಡಿ, ಹೇಳಿ" ಅಂದರು. ಪ್ಯಾಂಟು, ಬೂಟು, ಜೀಪು ಕಂಡು ಜಗುಲಿಯೇ ಗಪ್‌ಚಿಪ್. ಗಲಾಟೆಗೆ ಹೆಸರಾದ ನಾಲ್ಕನೇ ತರಗತಿಯವರೂ ತಲೆ ತಗ್ಗಿಸಿದರು. ಸಾಲಿನ ಕೊನೆಯಲ್ಲಿ ರಕ್ಷಿತಾ ಎದ್ದು ನಿಂತಳು.

"ಅಜ್ಜಿ ಅರ್ಧ ಸೌಟು ಹಾಕ್ತಾಳೆ."

ಗಟ್ಟಿಯಾಗಿ, ಬಿಡಿಸಿ ಹೇಳಿದಳು. ಅಷ್ಟು ಉದ್ದದ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಹಾಲಮ್ಮನ ಕಡೆ ನೋಡಿದರೆ, ಆ ಹೆಂಗಸು ನಗುತ್ತಿದ್ದರು. ಕಣ್ಣಲ್ಲಿ ನೀರು ಬೇರೆ.

"ಕೇಳಿದ್ರಾ ಟೀಚರಮ್ಮ? ಸಾಹೇಬ್ರ ಮುಂದೆ. ಎದ್ದು ನಿಂತು."

ಸಾಹೇಬರು "ವಿದ್ಯಾರ್ಥಿಯ ಹೇಳಿಕೆ ಪಡೆಯಲಾಗಿದೆ" ಅಂತ ಬರೆದುಕೊಂಡರು. ನಿಗದಿತ ಪ್ರಮಾಣಕ್ಕಿಂತ ಕಡಿಮೆ ಬಡಿಸುತ್ತಿರುವುದು ಕಂಡುಬಂದಿದೆ, ಮಕ್ಕಳ ಪಾಲಿನ ಆಹಾರ ದುರುಪಯೋಗದ ಶಂಕೆ ಇದೆ, ಅಂತಲೂ ಬರೆದರು. ಶಂಕೆಯಂತೆ. ಅಡುಗೆಕೋಣೆಯ ಬೆಕ್ಕಿಗೂ ಮಕ್ಕಳ ಊಟ ಮುಗಿಯುವ ತನಕ ಒಂದು ತುತ್ತು ಹಾಕದ ಹೆಂಗಸು ಆಕೆ. ನಾನು ಸಹಿ ಹಾಕುವುದಿಲ್ಲ ಅಂದೆ. "ಹಾಗಾದರೆ ಅಸಹಕಾರ ಅಂತ ನಿಮ್ಮ ಮೇಲೂ ಬರೀಬೇಕಾಗುತ್ತೆ. ಸಸ್ಪೆಂಡ್ ಆದರೆ ನನ್ನನ್ನು ಕೇಳಬೇಡಿ" ಅಂದರು.

"ಆಗಲಿ ಬಿಡಿ" ಅಂತ ಬಾಯಿಗೆ ಬಂದಿತ್ತು. ಹಾಲಮ್ಮ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಹಾಕ್ರಿ ಸಹಿ."

"ಸುಳ್ಳಿಗೆ ಸಹಿ ಹಾಕ್ಲಾ ಹಾಲಮ್ಮ?"

"ಅನ್ನ ಬೇಯ್ಸಾಕೆ ಊರಾಗೆ ಯಾರಾದ್ರೂ ಸಿಗ್ತಾರೆ. ನೀವೂ ಹೋದ್ರೆ ಬಾಗಿಲಿಗೆ ಬೀಗ ಬೀಳ್ತೈತೆ. ಈಗ ತಾನೆ ಬಾಯಿ ಬಿಟ್ಟೈತೆ ಅದು, ಮತ್ತೆ ಮನೇಲಿ ಕೂರ್ಸಾಕೆ ಆಗ್ತೈತಾ? ಹಾಕ್ರಿ, ನಾನು ಹೇಳ್ತೀನಿ."

ಹಾಕಿದೆ. ಶಾಲೆಗೆ ಇನ್ನೊಬ್ಬ ಶಿಕ್ಷಕಿ ಇದ್ದಿದ್ದರೆ ನಾನು ಆ ಪೆನ್ನು ಮುಟ್ಟುತ್ತಿರಲಿಲ್ಲ. ಈ ಮಾತನ್ನು ನಾನು ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ, ಆದರೂ ಸಹಿ ಸಹಿಯೇ. ಶಿಕ್ಷಕರನ್ನು ಕೊಡಿ ಅಂತ ನಾನು ಬರೆದ ಅರ್ಜಿಗಳು ಯಾವ ಕಪಾಟಿನಲ್ಲಿ ಮಲಗಿವೆಯೋ, ಇಷ್ಟು ವರ್ಷವಾದರೂ ಉತ್ತರವಿಲ್ಲ. ಹಾಲಮ್ಮನನ್ನು ತೆಗೆಯುವ ಆದೇಶ ಮಾತ್ರ ವಾರದೊಳಗೆ ಬಂತು. ಅವರು ಬೀಗದ ಕೈಯನ್ನು ಸೆರಗಿನಿಂದ ಬಿಚ್ಚಿ ನನ್ನ ಮೇಜಿನ ಮೇಲಿಟ್ಟು, ಪಾತ್ರೆಗಳನ್ನೆಲ್ಲ ಎಣಿಸಿ ಬೋರಲು ಹಾಕಿ ಹೋದರು.

ಹೊಸದಾಗಿ ಬಂದವಳು ಒಳ್ಳೆಯ ಹೆಣ್ಣುಮಗಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ಆದೇಶದ ಕಥೆ ಕೇಳಿಕೊಂಡೇ ಬಂದವಳು, ತುಂಬಿದ ಸೌಟು ಬಡಿಸಿ, ಮೇಲಿನವರಿಗೆ ಕಳಿಸಲು ನಾನು ಫೋಟೋ ತೆಗೆಯುವ ತನಕ ಕೈ ಕಟ್ಟಿ ನಿಲ್ಲುತ್ತಾಳೆ. ಮಕ್ಕಳು ತಿನ್ನುತ್ತಾರೆ, ತಟ್ಟೆ ತೊಳೆಯುತ್ತಾರೆ, ಹೋಗುತ್ತಾರೆ. ರಕ್ಷಿತಾ ಮತ್ತೆ ಬೆರಳು ಎತ್ತುವುದಕ್ಕೆ ಇಳಿದಳು. ತನ್ನ ಮಾತಿನಿಂದಲೇ ಹಾಲಜ್ಜಿ ಹೋದಳು ಅಂತ ಅವಳಿಗೆ ಯಾರೂ ಹೇಳಿಲ್ಲ. ಆದರೆ ಮಕ್ಕಳಿಗೆ ಗೊತ್ತಾಗುವುದಿಲ್ಲ ಅಂದುಕೊಳ್ಳುವಷ್ಟು ದಡ್ಡಿ ನಾನಲ್ಲ.

ಹೋದ ತಿಂಗಳು ಬಸವಾಪಟ್ಟಣದಲ್ಲಿ ಬಸ್ಸು ತಪ್ಪಿತು. ಸ್ಟ್ಯಾಂಡಿನ ಹಿಂದಿನ ಸಣ್ಣ ಹೋಟೆಲಿಗೆ ತಿಂಡಿಗೆ ಹೋದರೆ, ಒಳಗೆ ರೊಟ್ಟಿ ತಟ್ಟುತ್ತಿದ್ದವರು ಹಾಲಮ್ಮ. ನನ್ನನ್ನು ಕಂಡು ಕೈ ತೊಳೆದುಕೊಂಡು ಹೊರಗೆ ಬಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ, ತೆರೆಯಗೊಡಲಿಲ್ಲ.

"ಅದು ಮಾತಾಡ್ತೈತಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲ ಹಾಲಮ್ಮ. ನಿಂತುಹೋಯ್ತು" ಅಂದೆ.

ಅವರು ಕೂತರು. ಸ್ವಲ್ಪ ಹೊತ್ತು ಮೇಜಿನ ಮೇಲಿದ್ದ ಹಿಟ್ಟಿನ ಪುಡಿಯನ್ನು ಬೆರಳಲ್ಲಿ ಒಟ್ಟು ಮಾಡಿದರು. ಆದೇಶ ಬಂದ ದಿನವೂ ಅವರ ಮುಖ ಹೀಗೆ ಇಳಿದಿರಲಿಲ್ಲ.

"ಹಂಗಾರೆ ನೀವು ಏನ್ ಮಾಡ್ತಿದೀರ್ರೀ?" ಅಂದರು. ಅವರು ನನ್ನ ಮೇಲೆ ದನಿ ಏರಿಸಿದ್ದು ಅದೊಂದೇ ಸಲ. "ನಿಮಗೆ ಕೈ ಇಲ್ವಾ? ಸೌಟು ಹಿಡಿಯಾಕೂ ಆರ್ಡರ್ ಬರ್ಬೇಕಾ?"

ಬಸ್ಸು ಬಂತು. ಹತ್ತಿದೆ.

ಆ ದಿನದಿಂದ ಸಾರು ಬಡಿಸುವವಳು ನಾನು. ಅರ್ಧ ಸೌಟು. ಯಾವ ಸಾಹೇಬರಾದರೂ ಬರಲಿ, ಫೋಟೋ ಹೊಡೆದುಕೊಳ್ಳಲಿ, ನನ್ನ ಹೆಸರು ಸರಿಯಾಗಿ ಬರೆದುಕೊಳ್ಳಲಿ. ಹೊಸ ಹೆಣ್ಣುಮಗಳು ಹೆದರಿ ಒಳಗೇ ಇರುತ್ತಾಳೆ. ರಕ್ಷಿತಾಳ ಮುಂದೆ ಬಕೆಟ್ಟಿಟ್ಟು ದಿನಾ ಕಾದೆ. ಸೊಂಟ ನೋಯುತ್ತದೆ, ಆ ಹೆಂಗಸು ಅಷ್ಟು ಹೊತ್ತು ಹೇಗೆ ನಿಲ್ಲುತ್ತಿದ್ದರೋ. ನಿನ್ನೆ ಹುಡುಗಿ ತಟ್ಟೆ ನೋಡಿದಳು, ನನ್ನ ಕೈಯಲ್ಲಿದ್ದ ಸೌಟು ನೋಡಿದಳು, ತಲೆ ಎತ್ತಿದಳು.

"ಹಾಲಜ್ಜಿ ಯಾವಾಗ ಬರ್ತಾಳೆ ಮಿಸ್?"

ಉಳಿದರ್ಧ ಬಡಿಸಿದೆ.