ಅಕ್ಕ ನಿಜ ಮಾಡಿದ ಸುಳ್ಳು

ನನ್ನ ಭಾವ ಬೀಗ ರಿಪೇರಿಯವರು. ಕೈಕೆಲಸ ಬಂಗಾರ, ಬಾಯಿ ಬಿಟ್ಟರೆ ಸುಳ್ಳು. ಗಿರಾಕಿ ಬಂದು "ಕೀಲಿಕೈ ಆಯ್ತಾ?" ಎಂದು ಕೇಳಿದರೆ ಸಾಕು, ಇನ್ನೂ ಅರ ಮುಟ್ಟಿರದಿದ್ದರೂ, "ಓ, ಆಗಿ ಎರಡು ದಿನ ಆಯ್ತಲ್ಲ ಸ್ವಾಮಿ! ಒಳಗಿದೆ, ಕೂತ್ಕೊಳ್ಳಿ" ಎಂದುಬಿಡುತ್ತಿದ್ದರು. ಒಳಗಿದ್ದದ್ದು ಅಕ್ಕ. ಪರದೆಯ ಹಿಂದೆ ಕೂತು, ಹಲ್ಲಿಲ್ಲದ ಕೀಲಿಕೈಯನ್ನು ಮೇಜಿನ ಇಕ್ಕಳಕ್ಕೆ ಸಿಕ್ಕಿಸಿ ಗರಗರ ಅರ ಹಾಕುತ್ತಿದ್ದಳು. ಹತ್ತು ನಿಮಿಷದಲ್ಲಿ ಭಾವನ ಸುಳ್ಳು ನಿಜವಾಗಿ ಬಿಸಿಬಿಸಿಯಾಗಿ ಹೊರಗೆ ಬರುತ್ತಿತ್ತು.

"ಎಷ್ಟು ದಿನಾಂತ ಅವರ ಸುಳ್ಳಿಗೆ ಚಾಕರಿ ಮಾಡ್ತೀಯೆ?" ಎಂದು ನಾನು ಬೈದರೆ ನಗುತ್ತಿದ್ದಳು. "ಹೋಗ್ಲಿ ಬಿಡೇ. ನಾಲ್ಕು ಜನರೆದುರು ಅವರ ಮಾತು ಸುಳ್ಳಾಗಬಾರದು." ಹದಿನೆಂಟು ವರ್ಷ ಹೀಗೇ ನಡೆಯಿತು.

ಆಮೇಲೆ ಬಂತು ಗ್ರಹಚಾರ. ಭಾವ ಒಬ್ಬ ಹಲ್ಲಿನ ಡಾಕ್ಟರಮ್ಮನ ಬೀರುವಿಗೆ ಬೀಗ ಸರಿಮಾಡಿ ಬಂದಿದ್ದರು. ವಾರದಲ್ಲಿ ಆ ಬೀರುವಿನಿಂದ ಎರಡು ಚಿನ್ನದ ಬಳೆ ಮಾಯ. ಬೀಗ ಒಡೆದಿರಲಿಲ್ಲ. ಅಂದಮೇಲೆ ಬೀಗದವನೇ ಕಳ್ಳ, ಎಂಥಾ ಬುದ್ಧಿವಂತಿಕೆ! ಪೊಲೀಸರು ಭಾವನನ್ನು ಎಳೆದೊಯ್ದರು. ಎರಡು ದಿನ ಅವರು ಠಾಣೆಯಲ್ಲಿದ್ದಾರೆಂದೇ ಯಾರೂ ಒಪ್ಪಲಿಲ್ಲ.

ಮೂರನೆಯ ದಿನ ಬೆಳಗ್ಗೆ ಒಬ್ಬ ಕಾನ್‌ಸ್ಟೇಬಲ್ ಅಂಗಡಿಗೆ ಬಂದ. ಭಾವನ ಹಳೇ ಗಿರಾಕಿ, ಕರುಳಿದ್ದವನು. "ನಿಮ್ಮೆಜಮಾನ್ರು ಒಪ್ಕೊಂಡ್ರಮ್ಮ. ಬಳೆ ಇಲ್ಲೇ ಹಳೇ ಕೀಲಿಗಳ ಡಬ್ಬದಲ್ಲಿದೆ ಅಂದ್ರಂತೆ. ಮಧ್ಯಾಹ್ನ ಕರ್ಕೊಂಡ್ ಬರ್ತಾರೆ. ಸಿಗಲಿಲ್ಲಾಂದ್ರೆ ಮತ್ತೆ ಶುರು. ಮನುಷ್ಯ ಈಗ್ಲೇ ನಿಲ್ಲೋ ಸ್ಥಿತೀಲಿಲ್ಲ" ಎಂದು ಅಕ್ಕನಿಗೆ ಹೇಳಿ ಹೋದ.

ಮಧ್ಯಾಹ್ನ ನಾನು ಬಟ್ಟೆ ಕಾರ್ಖಾನೆಯಿಂದ ಓಡಿ ಬರುವಷ್ಟರಲ್ಲಿ ಜೀಪು ನಿಂತಿತ್ತು. ಇಬ್ಬರು ಹಿಡಿದುಕೊಂಡಿದ್ದ ಭಾವ ಬೆರಳು ತೋರಿಸಿದರು. ಇನ್ಸ್‌ಪೆಕ್ಟರು ಸಾಕ್ಷಿಗಳ ಎದುರಿಗೆ ಡಬ್ಬ ಬೋರಲು ಹಾಕಿದರು. ತುಕ್ಕು ಹಿಡಿದ ಕೀಲಿಗಳ ನಡುವೆ ಎರಡು ಬಳೆ ಬಿದ್ದವು. ಭಾವನ ಊದಿದ ಕಣ್ಣಿಗೆ ಏನು ಕಂಡಿತೋ, ದೆವ್ವ ಕಂಡವರ ಹಾಗೆ ನಿಂತಿದ್ದರು. ಜೊತೆಗೆ ಬಂದಿದ್ದ ಡಾಕ್ಟರಮ್ಮ ನೋಡಿದ ಕೂಡಲೇ "ನನ್ನವೇ" ಎಂದಳು. ಸಾದಾ ಬಳೆ, ಯಾರ ಕೈಲಿದ್ದರೂ ಒಂದೇ!

ಹಾಗಾದರೆ ಈ ಮನುಷ್ಯ ನಿಜಕ್ಕೂ ಕದ್ದನೇ?

ಮರುದಿನ ವಕೀಲಮ್ಮನ ಕೋಣೆಯಲ್ಲಿ ಕೂತೆವು. ಅವರು ಕಾಗದ ಓದಿ ಪಕ್ಕಕ್ಕೆ ತಳ್ಳಿದರು. "ಪೊಲೀಸರ ಮುಂದೆ 'ನಾನೇ ಕದ್ದೆ' ಅಂತ ನೂರು ಸಲ ಹೇಳಿದ್ರೂ ಕೋರ್ಟಲ್ಲಿ ಅದು ನಡೆಯೋಲ್ಲ. ಹೊಡೆದು ಹೇಳಿಸ್ತಾರೇಂತ ಕಾನೂನಿಗೂ ಗೊತ್ತು."

ಅಕ್ಕ ಮೂರು ದಿನಗಳ ನಂತರ ಮೊದಲ ಸಲ ಉಸಿರು ಬಿಟ್ಟಳು.

"ಆದ್ರೆ, 'ವಸ್ತು ಇಂಥಾ ಕಡೆ ಇದೆ' ಅಂತ ಹೇಳಿ, ಆ ಮಾತಿಂದ್ಲೇ ಅದು ಸಿಕ್ಕಿದ್ರೆ, ಅಷ್ಟು ಮಾತು ಮಾತ್ರ ಸಾಕ್ಷಿ ಆಗುತ್ತೆ. ಡಬ್ಬ ಖಾಲಿ ಇದ್ದಿದ್ರೆ ಈ ಕೇಸಿಗೆ ಕಾಲೇ ಇರ್ತಿರ್ಲಿಲ್ಲಮ್ಮ."

ಅಕ್ಕ ಎರಡೂ ಕೈಗಳನ್ನು ಮಡಿಲಲ್ಲಿ ಅಡಗಿಸಿದಳು. ಆಗ ನೋಡಿದೆ. ಅಮ್ಮ ಅವಳಿಗೆ ಕೊಟ್ಟಿದ್ದ ಜೋಡಿ ಚಿನ್ನದ ಬಳೆ ಕೈಯಲ್ಲಿರಲಿಲ್ಲ. ಬಳೆಯಿದ್ದ ಜಾಗದಲ್ಲಿ ಬಿಳೀ ಗುರುತು.

"ಅಯ್ಯೋ ಹುಚ್ಚೀ! ಏನೇ ಮಾಡ್ಕೊಂಡೆ?" ಎಂದು ಕಿರುಚಿದೆ.

"ಸಿಗದಿದ್ರೆ ಮತ್ತೆ ಹೊಡೀತಿದ್ರು ಕಣೇ" ಎಂದಳು.

ವಕೀಲಮ್ಮ ಕನ್ನಡಕ ತೆಗೆದರು. "ಬಳೆ ನಿಮ್ಮದು ಅನ್ನೋಕೆ ರಸೀದಿ? ಫೋಟೋ?" ಎರಡೂ ಇರಲಿಲ್ಲ. ನಾವು ಫೋಟೋ ತೆಗೆಸಿಕೊಳ್ಳುವ ಜನವೇ ಅಲ್ಲ. "ಹೇಳೋಣ. ಆದ್ರೆ ಹೆಂಡತಿ ಮಾತು, ತಂಗಿ ಮಾತು... ಯಾರು ನಂಬ್ತಾರೋ ನೋಡ್ಬೇಕು" ಎಂದರು. ನನಗೆ ಅಕ್ಕನ ಕೆನ್ನೆಗೆ ಬಾರಿಸಬೇಕೆನಿಸಿತು, ತಬ್ಬಿಕೊಂಡು ಅಳಬೇಕೆಂದೂ ಅನಿಸಿತು.

ಜೈಲಿನಲ್ಲಿ ಭಾವ ಜಾಲರಿಯ ಆಚೆ ನಿಂತಿದ್ದರು. "ಹೊಡೆತ ತಡೀಲಾರದೆ ಬಾಯಿಗೆ ಬಂದಿದ್ದು ಹೇಳ್ದೆ ಕಣೇ. ಅಲ್ಲಿ ಬಳೆ ಎಲ್ಲಿಂದ ಬಂತು?"

ಅಕ್ಕ ಬರಿಗೈ ಎರಡನ್ನೂ ಎತ್ತಿ ಜಾಲರಿಗೆ ಒತ್ತಿದಳು.

ಭಾವ ಆ ಬಿಳೀ ಗುರುತುಗಳನ್ನು ನೋಡಿದರು.

"ಇದೊಂದು ಸುಳ್ಳನ್ನಾದ್ರೂ ಸುಳ್ಳಾಗೇ ಬಿಡಬಾರದಿತ್ತೇನೇ?" ಎಂದರು.