ಸುಡದ ಇಟ್ಟಿಗೆಯ ಡೈರಿ

ಬಂಗಾರಪೇಟೆಯಿಂದ ಬೂದಿಕೋಟೆ ಕಡೆಗೆ ಹೋಗುವ ಬಸ್ಸಿನಲ್ಲಿ ಎಡಗಡೆ ಕಿಟಕಿಗೆ ಕೂತರೆ ದಾರಿಯಲ್ಲಿ ಒಂದು ಹಾಲಿನ ಡೈರಿ ಕಾಣುತ್ತದೆ. ಗೋಡೆಗೆ ಗಾರೆಯಿಲ್ಲ, ಬಣ್ಣ ಬಳಿದಿಲ್ಲ. ಸುತ್ತಲಿನ ಹೊಲದ ಕೆಮ್ಮಣ್ಣು ಹೇಗಿದೆಯೋ ಗೋಡೆಯೂ ಹಾಗೇ ಇದೆ. ಸುತ್ತ ಅಗಲವಾದ ಜಗಲಿ, ತಾರಸಿಯ ಮೇಲೆ ಸೋಲಾರ್. ಹಾಲು ಅಳೆಯುವ ಹೊತ್ತು ಕಳೆದ ಮೇಲೂ ಅಲ್ಲಿ ನಾಲ್ಕಾರು ಜನ ಕೂತೇ ಇರುತ್ತಾರೆ, ಯಾಕೆಂದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಊರಿನಲ್ಲಿ ಅಷ್ಟು ತಂಪಾದ ಜಾಗ ಇನ್ನೊಂದಿಲ್ಲ. ಅದರ ನಕ್ಷೆ ಬರೆದು, ಎದುರಿಗೆ ನಿಂತು ಕಟ್ಟಿಸಿದವಳು ಆ ಊರಿನದೇ ಹೆಣ್ಣುಮಗಳು, ಸುಮಿತಾ. ಕಟ್ಟಡ ಒಂದೇ ಸಲಕ್ಕೆ ಎದ್ದು ನಿಲ್ಲಲಿಲ್ಲ. ಒಮ್ಮೆ ಬಿತ್ತು. ಬಿದ್ದ ಮೇಲೆ ಅವಳು ಏನು ಮಾಡಿದಳು ಎನ್ನುವುದಕ್ಕೇ ನನಗೆ ಅವಳ ಮೇಲೆ ಗೌರವ.

ಅವಳ ಅಪ್ಪ ಶ್ರೀನಿವಾಸಪ್ಪ, ಅಮ್ಮ ಪೆದ್ದಮ್ಮ, ಇಬ್ಬರೂ ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡಿದವರು. ಪೆದ್ದಮ್ಮ ಹಸಿ ಇಟ್ಟಿಗೆ ಹೊರುತ್ತಿದ್ದಳು. ಶ್ರೀನಿವಾಸಪ್ಪ ಅವನ್ನು ಗೂಡಾಗಿ ಪೇರಿಸಿ ಬೆಂಕಿ ಕೊಡುತ್ತಿದ್ದ. ಒಂದು ಗೂಡು ಬೇಯುವಷ್ಟರಲ್ಲಿ ಲಾರಿಗಟ್ಟಲೆ ನೀಲಗಿರಿ ಸೌದೆ ಉರಿದು ಹೋಗುತ್ತಿತ್ತು. ಗಾಳಿ ಊರ ಕಡೆ ತಿರುಗಿದರೆ ಒಗೆದು ಹರವಿದ ಬಟ್ಟೆಯೆಲ್ಲ ಹೊಗೆ ನಾರುತ್ತಿತ್ತು. ಸುಮಿತಾ ಬೆಳೆದದ್ದು ಆ ಹೊಗೆಯಲ್ಲೇ. ಗೂಡಿನ ಬಯಲಲ್ಲಿ ಒಡೆದ ಇಟ್ಟಿಗೆ ಜೋಡಿಸಿ ಮನೆಯಾಟ ಆಡುತ್ತಿದ್ದಳು. ಅಡುಗೆಮನೆ ಎಲ್ಲಿ, ಬಾಗಿಲು ಯಾವ ಕಡೆ ಎಂದು ಬೇರೆ ಮಕ್ಕಳ ಜೊತೆ ಜಗಳವಾಡುತ್ತಿದ್ದಳು. ಬಂಗಾರಪೇಟೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಮೀನಾ ಟೀಚರ್ ಅವಳು ಬರೆದ ಚಿತ್ರ ನೋಡಿ, ಮನೆ ನಕ್ಷೆ ಬರೆಯುವುದನ್ನೇ ಓದುವ ಕಾಲೇಜು ಇದೆಯೆಂದು ಹೇಳಿ, ಪರೀಕ್ಷೆಗೆ ತಾವೇ ತಯಾರು ಮಾಡಿದರು. ಹಾಗೆ ಗೂಡಿನವರ ಮಗಳು ಬೆಂಗಳೂರಿಗೆ ಹೋಗಿ ಆರ್ಕಿಟೆಕ್ಟ್ ಆದಳು.

ಓದು ಮುಗಿದ ಮೇಲೆ ದೊಡ್ಡ ಆಫೀಸೊಂದರಲ್ಲಿ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಬಂಗಾರಪೇಟೆಯಿಂದ ರೈಲು, ರಾತ್ರಿ ವಾಪಸು. ಅವಳ ಪಾಲಿಗೆ ಬಂದದ್ದು ಎತ್ತರದ ಕಟ್ಟಡಗಳ ಗಾಜಿನ ಗೋಡೆ ಬರೆಯುವ ಕೆಲಸ. ಅವಳೇ ಗಾಜು ಬರೆದ ಒಂದು ಕಟ್ಟಡಕ್ಕೆ ಮೇ ತಿಂಗಳ ಒಂದು ಮಧ್ಯಾಹ್ನ ಯಾವುದೋ ಕೆಲಸಕ್ಕೆ ಹೋಗಿದ್ದಾಗ ಏಸಿ ಕೆಟ್ಟು ನಿಂತಿತು. ಒಳಗಿದ್ದವರು ಸ್ವಲ್ಪ ಹೊತ್ತು ಫೈಲಿನಿಂದ ಗಾಳಿ ಬೀಸಿಕೊಂಡರು. ಆಮೇಲೆ ಕಿಟಕಿ ತೆಗೆಯೋಣವೆಂದು ಎದ್ದರೆ ತೆಗೆಯುವ ಕಿಟಕಿಯೇ ಇರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಇಳಿದು ಬಂದು ರಸ್ತೆ ಬದಿಯ ಒಂದು ಮರದ ಕೆಳಗೆ ನಿಂತರು. ಅವರ ಜೊತೆಯಲ್ಲಿ ಅವಳೂ ನಿಂತಳು. ಮೇಲೆ ಥಳಥಳ ಹೊಳೆಯುತ್ತಿದ್ದ ಗಾಜನ್ನು ನೋಡಿ ಅವಳಿಗೆ ನಾಚಿಕೆಯಾಯಿತಂತೆ. ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುವುದು, ಆಮೇಲೆ ಅದನ್ನು ಹೊರಗಟ್ಟಲು ಹಗಲಿಡೀ ಕರೆಂಟು ಸುಡುವುದು, ಆ ಕರೆಂಟಿಗೆ ಎಲ್ಲೋ ಕಲ್ಲಿದ್ದಲು ಉರಿಸುವುದು, ಅದರಿಂದ ಬಿಸಿಲು ಇನ್ನಷ್ಟು ಏರುವುದು. ತಾನು ಬರೆದದ್ದು ಇಷ್ಟೇ ಅನ್ನಿಸಿತು.

ಮಾರನೆಯ ದಿನವೇ ಕೆಲಸ ಬಿಟ್ಟಳು ಅಂತೇನಲ್ಲ, ಮನೆಯ ಪರಿಸ್ಥಿತಿ ಹಾಗಿರಲಿಲ್ಲ. ರೈಲಿನಲ್ಲಿ ಓದಿಕೊಂಡಳು. ರಜೆ ಹಾಕಿ ಮಣ್ಣಿನ ಬ್ಲಾಕು ಒತ್ತುವುದನ್ನು ಕಲಿತು ಬಂದಳು. ಗಾಳಿ ಬೆಳಕಿನ ಲೆಕ್ಕ ಹಾಕುವುದನ್ನು ಕಲಿತಳು. ಕೆಲವು ವರ್ಷವಾದ ಮೇಲೆ ಆಂಡರ್ಸನ್‌ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಸ್ವಂತ ಆಫೀಸು ತೆರೆದಳು. ಬರುತ್ತಿದ್ದವರಿಗೆಲ್ಲ ಬೇಕಿದ್ದದ್ದು ಮುಂಭಾಗಕ್ಕೆ ಗಾಜು. ಅವಳು ಪಡುವಣ ದಿಕ್ಕಿನ ಕಿಟಕಿ ಚಿಕ್ಕದು ಮಾಡಿ, ಮೇಲೆ ಸಜ್ಜಾ ಉದ್ದ ಮಾಡಿ, ಮಾತಾಡಿ ಮಾತಾಡಿ ಅಷ್ಟಕ್ಕೆ ಒಪ್ಪಿಸಿ ಕಳಿಸುತ್ತಿದ್ದಳು.

ಆಗ ಬಂದದ್ದು ಊರಿನ ಡೈರಿ ಕೆಲಸ. ಹಳೆಯದು ಶೀಟಿನ ಮನೆ. ಬೇಸಿಗೆಯಲ್ಲಿ ಒಳಗೆ ಕಾಲಿಡುವ ಹಾಗಿರಲಿಲ್ಲ, ಕರೆಂಟು ಹೋದರೆ ಹಾಲು ಕೆಡುತ್ತಿತ್ತು. ಹೊಸದು ಕಟ್ಟಲು ಸಂಘದವರು ತೀರ್ಮಾನ ಮಾಡಿದ್ದರು. ಅಧ್ಯಕ್ಷ ಕದಿರಪ್ಪ ಹಸುಗಳನ್ನು ಸಾಕಿ ಬದುಕು ಕಟ್ಟಿಕೊಂಡ ರೈತ. ಊರ ಹುಡುಗಿ ಇರುವಾಗ ಬೇರೆಯವರು ಯಾಕೆ ಎಂದು ಅವಳನ್ನೇ ಕರೆಸಿದ. ಆದರೆ ಅವಳು ಸಭೆಯಲ್ಲಿ ಸುಟ್ಟ ಇಟ್ಟಿಗೆ ಬೇಡ, ಇಲ್ಲಿನ ಮಣ್ಣನ್ನೇ ಒಂದಿಷ್ಟು ಸಿಮೆಂಟು ಸೇರಿಸಿ ಮಿಷಿನ್ನಿನಲ್ಲಿ ಒತ್ತಿ ಗೋಡೆ ಕಟ್ಟೋಣ ಎಂದಾಗ ಅವನ ಮುಖ ಸಪ್ಪಗಾಯಿತು. ಕಟ್ಟುವಾಗ ಸುಡುವ ಬೆಂಕಿ, ಕಟ್ಟಿದ ಮೇಲೆ ಸುಡುವ ಕರೆಂಟು, ಇವೆರಡೂ ಕಮ್ಮಿಯಾದರೆ ಕಟ್ಟಡದ ಹೊಗೆ ಕಮ್ಮಿಯಾಗುತ್ತದೆ ಎಂದು ಅವಳು ವಿವರಿಸಿದಳು. ಸೋಲಾರಿನಿಂದ ಹಗಲು ಹಾಲಿನ ಟ್ಯಾಂಕು ತಣ್ಣಗಿರುತ್ತದೆ, ಮಿಕ್ಕ ಕರೆಂಟು ಲೈನಿಗೆ ಹೋಗುತ್ತದೆ, ಅಷ್ಟು ಕಲ್ಲಿದ್ದಲು ಉಳಿಯುತ್ತದೆ, ಹೀಗೇ ನಡೆದರೆ ಕಟ್ಟುವಾಗ ಎದ್ದ ಹೊಗೆಯ ಋಣವನ್ನೂ ಕಟ್ಟಡವೇ ತೀರಿಸುತ್ತದೆ ಎಂದಳು. ಜನ ಕೇಳಿಸಿಕೊಂಡರು. ಆದರೆ ಎದ್ದು ನಿಂತು ಬೇಡವೆಂದವಳು, ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ ಅವಳ ಅಮ್ಮ ಪೆದ್ದಮ್ಮ.

"ಮಣ್ಣು ಗ್ವಾಡೆ ಅಂದ್ರೆ ನಿಂಗೆ ಚೆಂದ," ಎಂದಳು ಪೆದ್ದಮ್ಮ. "ಮಳೆ ಇಡ್ಕಂಡಾಗ ನಿನ್ನ ಮಡ್ಲಾಗೆ ಆಕ್ಕಂಡು, ಗ್ವಾಡೆ ಯಾವಾಗ ಬೀಳ್ತದೋ ಅಂತ ಬೆಳಗಾಗೋಗಂಟ ಕುಂತಿದ್ದೋಳು ನಾನು. ಅದ್ರಿಂದ ಈಚೆಗೆ ಬರಾಕೇ ಅಲ್ಲವಾ ನಾನು ತಲೆ ಮ್ಯಾಲೆ ಇಟ್ಟಿಗೆ ಒತ್ತಿದ್ದು?"

ಅಮ್ಮ ಹೇಳಿದ್ದು ಸುಳ್ಳಲ್ಲವೆಂದು ಸುಮಿತಾಳಿಗೆ ಗೊತ್ತಿತ್ತು. ಆ ಮಣ್ಣೇ ಬೇರೆ, ಈ ಬ್ಲಾಕೇ ಬೇರೆ ಎಂದು ಸಾಧಿಸಿ ಹೇಳಬಹುದಿತ್ತು, ಅಲ್ಲಿ ಅದನ್ನು ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಕದಿರಪ್ಪನೇ, ಓದಿದ ಹುಡುಗಿ, ಇನ್ನೆಲ್ಲೋ ಕಟ್ಟಿ ತೋರಿಸುವ ಬದಲು ನಮ್ಮಲ್ಲೇ ತೋರಿಸಲಿ ಎಂದು ಒಪ್ಪಿದ.

ಶ್ರೀನಿವಾಸಪ್ಪನ ಚಿಂತೆ ಬೇರೆಯಿತ್ತು. ಅವನು ಒಂದು ದಿನ ಮಗಳ ಆಫೀಸಿಗೆ ಬಂದು ಕೂತ. ಎಲ್ಲರೂ ನಿನ್ನ ಹಾಗೆ ಕಟ್ಟುವುದಾದರೆ ಗೂಡು ನಿಲ್ಲುತ್ತದೆ, ಮುನಿರಾಜ್ ಅಂಥವರು ಮಕ್ಕಳೊಂದಿಗೆ ಎಲ್ಲಿಗೆ ಹೋಗಬೇಕು ಎಂದು ಕೇಳಿದ. ಮುನಿರಾಜ್ ಅವನ ಜೊತೆ ಗೂಡು ಹಾಕುತ್ತಿದ್ದವನು. ಸುಮಿತಾ ಅಪ್ಪನನ್ನು ನಾಯ್ನಾ ಎಂದೇ ಕರೆಯುತ್ತಾಳೆ.

"ಮಣ್ಣು ಜರಡಿ ಇಡಿಯೋದು, ಕಲಸೋದು, ಒತ್ತೋದು, ಒಣಗ್ಸೋದು. ಬೆಂಕಿ ಒಂದು ಬಿಟ್ರೆ ಮಿಕ್ಕಿದ್ದೆಲ್ಲಾ ನಿಮ್ಮ ಕೆಲಸಾನೇ ನಾಯ್ನಾ," ಎಂದಳು.

ಅವಳು ಮಾತಿಗೆ ಹೇಳಿದ್ದಲ್ಲ. ಮಿಷಿನ್ನು ಬಂದ ದಿನ ಮುನಿರಾಜನನ್ನೂ ಅವನ ಹೆಂಡತಿಯನ್ನೂ ಇನ್ನೂ ಕೆಲವರನ್ನೂ ಗೂಡಿನಿಂದ ಕರೆದು ಕೆಲಸ ಕಲಿಸಿದಳು. ಶ್ರೀನಿವಾಸಪ್ಪ ಬ್ಲಾಕುಗಳಿಗೆ ಗೋಣಿಚೀಲ ಹೊದಿಸಿ ಹೊತ್ತೊತ್ತಿಗೆ ನೀರು ಹಾಕುವ ಕೆಲಸಕ್ಕೆ ನಿಂತ. ತಳಪಾಯಕ್ಕೆ ಸೈಜುಗಲ್ಲು ಬಂತು. ಹಳೆಯ ಶೀಟಿನ ಮನೆಯ ಪಕ್ಕದಲ್ಲೇ ಗೋಡೆ ಏಳತೊಡಗಿತು.

ಕಾರ್ತಿಕ ಮುಗಿಯುವ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ನಮ್ಮ ಕಡೆ ಮಳೆ ಹಿಡಿಯಿತು. ಬಿಟ್ಟೂಬಿಡದೆ ಸುರಿಯಿತು. ಗಾಳಿಗೆ ಟಾರ್ಪಾಲು ಹಾರಿಹೋಯಿತು. ಮಳೆ ನಿಂತ ಬೆಳಿಗ್ಗೆ ಹಾಲು ತಂದವರು ನೋಡಿದರೆ ಹಿಂದುಗಡೆಯ ಗೋಡೆ ಕುಸಿದು ಕುಪ್ಪೆಯಾಗಿತ್ತು. ಮಿಕ್ಕ ಮೂರು ಕಡೆ ಗೋಡೆಗೆ ಏನೂ ಆಗಿರಲಿಲ್ಲ.

ಸುಮಿತಾ ಬಂದಳು. ಕುಪ್ಪೆಯ ಪಕ್ಕ ಕೂತು ಒಡೆದ ಬ್ಲಾಕು ಕೈಗೆತ್ತಿಕೊಂಡು ಬೆರಳಲ್ಲಿ ತಿಕ್ಕಿದಳು. ಅದು ಸೋಪಿನ ಹಾಗೆ ಜಾರಿತು. ಅವಳಿಗೆ ಅಲ್ಲೇ ಕಾರಣ ತಿಳಿಯಿತು. ಮೊದಲು ಮಣ್ಣು ತೆಗೆದ ಗುಂಡಿ ಮುಗಿದಿತ್ತು. ಹಿಂದಿನ ಗೋಡೆಗೂ ಅದಕ್ಕೆ ಸೇರಿದ ಮೂಲೆಗಳಿಗೂ ಕೆರೆ ಪಕ್ಕದ ಇನ್ನೊಂದು ಗುಂಡಿಯಿಂದ ಮಣ್ಣು ತಂದಿದ್ದರು. ಅದರಲ್ಲಿ ಜೇಡಿ ಹೆಚ್ಚು. ಅದಕ್ಕೆ ಮರಳು ಇನ್ನಷ್ಟು ಸೇರಿಸಬೇಕಿತ್ತು. ಅವಳು ಮೊದಲ ಗುಂಡಿಯ ಮಣ್ಣನ್ನು ಪರೀಕ್ಷೆ ಮಾಡಿಸಿದ್ದಳು, ಎರಡನೆಯದನ್ನು ಮಾಡಿಸಿರಲಿಲ್ಲ. ಆ ವಾರ ಕೆಲಸದ ಅವಸರದಲ್ಲಿ, ಒಂದೇ ಊರಿನ ಮಣ್ಣು ತಾನೇ ಎಂದುಕೊಂಡಿದ್ದಳು.

ಅಷ್ಟರಲ್ಲಿ ಜನ ಸೇರಿದ್ದರು. ಟಾರ್ಪಾಲು ಸರಿಯಾಗಿ ಕಟ್ಟಲಿಲ್ಲವೆಂದು ಒಬ್ಬರು ಮುನಿರಾಜನನ್ನು ಬಯ್ಯತೊಡಗಿದರು. ಮಳೆಯೇ ಹೆಚ್ಚಾಯಿತು, ಯಾರೇನು ಮಾಡಲಾಗುತ್ತದೆ ಎಂದು ಕದಿರಪ್ಪ ಸಮಾಧಾನದ ಮಾತಾಡಿದ. ಸುಮಿತಾ ಎರಡಕ್ಕೂ ಒಪ್ಪಿಕೊಂಡು ಸುಮ್ಮನಿರಬಹುದಿತ್ತು.

"ಮುನಿರಾಜಣ್ಣಂದು ಏನೂ ತಪ್ಪಿಲ್ಲ. ಮಳೇದೂ ಅಲ್ಲ. ಇದು ನನ್ನ ತಪ್ಪು," ಎಂದಳು. ಯಾವ ಮಣ್ಣು, ಏನು ನೋಡಲಿಲ್ಲ ಎಂಬುದನ್ನು ಮಣ್ಣು ಹಿಡಿದೇ ತೋರಿಸಿದಳು. ಆ ಗುಂಡಿಯ ಬ್ಲಾಕು ಎಲ್ಲೆಲ್ಲಿ ಸೇರಿದೆಯೋ ಅದಷ್ಟನ್ನೂ, ನಿಂತಿರುವುದನ್ನೂ ಸೇರಿಸಿ, ಕೆಡವಿ ಮತ್ತೆ ಕಟ್ಟಿಕೊಡುತ್ತೇನೆ, ಅದರ ಖರ್ಚು ಸಂಘಕ್ಕೆ ಬೀಳುವುದಿಲ್ಲ ಎಂದಳು. ಕದಿರಪ್ಪ, ನಿಂತಿರುವುದನ್ನು ಯಾಕೆ ಕೆಡವುತ್ತೀಯಮ್ಮ ಎಂದ. ಅವಳು ಕೇಳಲಿಲ್ಲ.

ಪೆದ್ದಮ್ಮ ಗುಂಪಿನ ಹಿಂದೆ ನಿಂತಿದ್ದಳು. ಈಗ ಅವಳು ಏನಂದಾಳೋ ಎಂದು ಎಲ್ಲರಿಗೂ ಕುತೂಹಲ. ಅವಳು ಮುಂದೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿದ್ದ ಮಣ್ಣನ್ನು ಬಾಣಲಿಗೆ ತುಂಬತೊಡಗಿದಳು. "ಜನ ಒಳಗಿದ್ದಾಗ ಬೀಳ್ಲಿಲ್ಲ. ಅಷ್ಟು ಸಾಕು, ಎದ್ದೇಳು," ಎಂದಳು ಮಗಳಿಗೆ. ಅದಕ್ಕೆ ಮೊದಲು ಅವಳು ಹಾಲು ಹಾಕಿ ಹೋಗುತ್ತಿದ್ದಳೇ ಹೊರತು ಆ ಕೆಲಸದ ಜಾಗಕ್ಕೆ ಕಾಲಿಟ್ಟಿರಲಿಲ್ಲ.

ಆಮೇಲೆ ಸುಮಿತಾ ಒಂದು ಹೊಸ ಕ್ರಮ ಮಾಡಿದಳು. ಡೈರಿ ಮುಂದೆ ದನ ನೀರು ಕುಡಿಯುವ ತೊಟ್ಟಿಯ ಪಕ್ಕ ಇನ್ನೊಂದು ಚಿಕ್ಕ ತೊಟ್ಟಿ ಇಡಿಸಿದಳು. ಪ್ರತಿ ಸಲ ಹೊಸ ಮಣ್ಣು ಬಂದಾಗ ಅದರ ಒಂದು ಬ್ಲಾಕನ್ನು ಚೆನ್ನಾಗಿ ಹದ ಬಂದ ಮೇಲೆ ಆ ನೀರಿನಲ್ಲಿ ಮುಳುಗಿಸಿಡುವುದು. ಅದು ಗಟ್ಟಿ ನಿಂತರೆ ಮಾತ್ರ ಆ ಮಣ್ಣಿನ ಬ್ಲಾಕು ಗೋಡೆಗೆ. ಲ್ಯಾಬಿನ ಪರೀಕ್ಷೆ ಅದರ ಪಾಡಿಗೆ ನಡೆಯುತ್ತಿತ್ತು, ಇದು ಊರಿನವರ ಕಣ್ಣಿಗೆ. ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು, ನೀರಿಗೆ ಕೈ ಹಾಕಿ, ಬ್ಲಾಕನ್ನು ಉಗುರಿನಿಂದ ಕೆರೆದು ನೋಡಿಯೇ ಹೋಗುತ್ತಿದ್ದರು. ಮುನಿನಾರಾಯಣಮ್ಮ ಎಂಬ ಮುದುಕಿ ಒಂದು ದಿನ ಅದನ್ನು ಹೊರಗೆ ತೆಗೆದು ಕಲ್ಲಿನ ಮೇಲೆ ಕುಕ್ಕಿಯೂ ನೋಡಿದಳು. ಬ್ಲಾಕು ಮುಕ್ಕಾಗಲಿಲ್ಲ. ತಾರಸಿ ಹಾಕುವ ಹೊತ್ತಿಗೆ, ಒಡೆದ ಮನೆಗಳಿಂದ ಹಳೆಯ ಮಂಗಳೂರು ಹಂಚು ತಂದು ಕಾಂಕ್ರೀಟಿನ ಮಧ್ಯೆ ಇಟ್ಟು ಸಿಮೆಂಟು ಉಳಿಸುತ್ತೇನೆ ಎಂದು ಸುಮಿತಾ ಹೇಳಿದಾಗ ಯಾರೂ ಎದುರಾಡಲಿಲ್ಲ. ತಮ್ಮ ಹಿತ್ತಲಲ್ಲಿ ಬಿದ್ದಿದ್ದ ಹಂಚುಗಳನ್ನು ತಾವೇ ಹೊತ್ತು ತಂದರು.

ಯುಗಾದಿ ಕಳೆದು ಡೈರಿ ಹೊಸ ಕಟ್ಟಡಕ್ಕೆ ಬಂತು. ಆ ವರ್ಷ ಬಿಸಿಲು ಕೆಂಡದಂತಿತ್ತು. ಮಧ್ಯಾಹ್ನ ಹೊರಗಿನಿಂದ ಒಳಗೆ ಬಂದವರು ಬಾಗಿಲಲ್ಲೇ ನಿಂತು ಏಸಿ ಎಲ್ಲಿದೆಯೆಂದು ಹುಡುಕುತ್ತಿದ್ದರು. ಅಲ್ಲಿ ಇದ್ದದ್ದು ದಪ್ಪ ಗೋಡೆ, ಎದುರುಬದುರು ಜಾಲಂಧ್ರ, ಮೇಲೆ ಬಿಸಿಗಾಳಿ ಹೋಗುವ ಕಿಂಡಿ, ಅಷ್ಟೇ. ಕರೆಂಟು ಹೋದ ಹಗಲುಗಳಲ್ಲೂ ಹಾಲು ಕೆಡಲಿಲ್ಲ. ಇನ್ನು ಕಟ್ಟಡದಿಂದ ಹೊಗೆಯೇ ಇಲ್ಲವೇ ಎಂದು ತಾಲ್ಲೂಕಿನಿಂದ ನೋಡಲು ಬಂದವರು ಕೇಳಿದರೆ, ಸಿಮೆಂಟು ಕಬ್ಬಿಣದ ಹೊಗೆ ಇನ್ನೂ ಬಾಕಿಯಿದೆ, ತೀರಲು ವರ್ಷಗಳು ಬೇಕು, ತೀರಿದ ದಿನ ಹೇಳುತ್ತೇನೆ ಎಂದು ಸುಮಿತಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪೆದ್ದಮ್ಮ ಈಗ ಹಾಲು ಹಾಕಿದ ಮೇಲೂ ಅಲ್ಲೇ ಒಂದು ಗಳಿಗೆ ಕಾಲು ಚಾಚಿ ಕೂರುತ್ತಾಳೆ. ಅವಳಾಗಿ ಹೊಗಳಿದ್ದನ್ನು ಯಾರೂ ಕೇಳಿಲ್ಲ. ಆದರೆ ಪಕ್ಕದೂರಿನವರು ಗೋಡೆ ಮುಟ್ಟಿ, ಇದು ಮಳೆಗೆ ನಿಲ್ಲುತ್ತದಾ ಎಂದು ಅನುಮಾನಪಟ್ಟರೆ, ಹೋಗಿ ತೊಟ್ಟಿಯಲ್ಲಿ ಕೈಯಿಟ್ಟು ನೋಡಿ ಎನ್ನುತ್ತಾಳೆ. ಮುನಿರಾಜ್ ಆ ಮಿಷಿನ್ನಿನಲ್ಲೇ ಈಗ ಸುತ್ತಲಿನ ಊರುಗಳಿಗೆ ಬ್ಲಾಕು ಒತ್ತಿಕೊಡುತ್ತಿದ್ದಾನೆ. ಗೂಡುಗಳು ಇನ್ನೂ ಉರಿಯುತ್ತಿವೆ, ಆದರೆ ಶ್ರೀನಿವಾಸಪ್ಪ ಮತ್ತೆ ಅತ್ತ ಹೋಗಲಿಲ್ಲ.

ಸುಮಿತಾಳ ಈಗಿನ ಕೆಲಸ ಹಿಂದೆ ಚಿನ್ನದ ಗಣಿ ನಡೆಯುತ್ತಿದ್ದ ಊರಿಗಾಂನಲ್ಲಿ. ಹೆಂಗಸರಿಗೆ ಹೊಲಿಗೆ ಕಲಿಸುವ ಸಂಸ್ಥೆಯೊಂದಕ್ಕೆ ಗಣಿ ಕಾಲದ ಒಂದು ಹಳೆಯ ಕಟ್ಟಡ ಸಿಕ್ಕಿದೆ. ಅದನ್ನು ಒಡೆದು ಹೊಸದು ಕಟ್ಟಲು ನಕ್ಷೆ ಬರೆದುಕೊಡಿ ಎಂದು ಅವರು ಬಂದಿದ್ದರು. ಪಕ್ಕದಲ್ಲಿ ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಯಲ್ಲಿರುವ ಕುಪ್ಪುಸ್ವಾಮಿ, ಗಣಿಯಲ್ಲಿ ದುಡಿದು ನಿವೃತ್ತರಾದವರು, ಅವರದೂ ಅದೇ ಅಭಿಪ್ರಾಯ. ಹೊಸದು ಬಂದರೆ ಜಾಗಕ್ಕೆ ಒಂದು ಕಳೆ ಬರುತ್ತದೆ ಎಂಬ ಆಸೆ. ಸುಮಿತಾ ಆ ಕಟ್ಟಡದಲ್ಲಿ ಒಂದು ಹಗಲು ಕೂತು, ಹೊರಗಿನ ಬಿಸಿ ಒಳಗಿನ ಬಿಸಿ ಅಳೆದು, ಇದನ್ನು ಒಡೆಯುವುದಿಲ್ಲ ಎಂದು ಹೇಳಿಬಿಟ್ಟಳು.

"ಈ ಕಲ್ಲು ತಂದು ಕಟ್ಟಿದ ಕಾಲದ ಹೊಗೆ ಆಗಲೇ ಎದ್ದು ಹೋಗಿದೆ ತಾತ. ಒಡೆದ್ರೆ ಮತ್ತೆ ಹೊಸದಾಗಿ ಹೊಗೆ ಹಾಕಬೇಕು. ನಿಂತಿರೋದನ್ನ ಸರಿ ಮಾಡೋದೇ ನನ್ನ ಕೆಲಸ," ಎಂದಳು ಕುಪ್ಪುಸ್ವಾಮಿಗೆ. ಸಂಸ್ಥೆಯವರು ಯೋಚಿಸಿ ಒಪ್ಪಿದರು.

ಮೊನ್ನೆ ನಾನು ಅತ್ತ ಹೋದಾಗ ಅವಳು ಏಣಿಯ ಮೇಲಿದ್ದಳು. ಸೂರಿನ ಕೆಳಗೆ ಸಾಲಾಗಿ ಕಿಂಡಿಗಳಿದ್ದವು. ಪಾರಿವಾಳ ಬರುತ್ತವೆಂದು ಯಾವ ಕಾಲದಲ್ಲೋ ಯಾರೋ ಅವಕ್ಕೆ ಹಲಗೆ ಹೊಡೆದು ಮುಚ್ಚಿದ್ದರು. ಅವಳು ಒಂದೊಂದೇ ಮೊಳೆ ಕಿತ್ತು ಹಲಗೆ ಬಿಚ್ಚುತ್ತಿದ್ದಳು, ಹಕ್ಕಿ ತಡೆಯಲು ಬಲೆ ಕೆಳಗೆ ಸಿದ್ಧವಾಗಿತ್ತು. ಕುಪ್ಪುಸ್ವಾಮಿ ಏಣಿ ಹಿಡಿದು ನಿಂತಿದ್ದರು. ಎದುರಿನ ಗೋಡೆಯ ಹಲಗೆ ಬಿಚ್ಚಿದ್ದೇ ತಡ, ಕೋಣೆಯಲ್ಲಿ ಧೂಳು ಅಲುಗಿ ಮೇಲೆದ್ದು ಹೊರಗೆ ಹೋಯಿತು. ಬಾಗಿಲ ಕಡೆಯಿಂದ ತಂಪು ಒಳಗೆ ಬಂತು.

"ಕಾತ್ತು ವರುದುಮ್ಮಾ," ಎಂದರು ಕುಪ್ಪುಸ್ವಾಮಿ. ಗಾಳಿ ಬರುತ್ತಿದೆಯೆಂದು ತಮಿಳಿನಲ್ಲೇ ಹೇಳಿ, ಹೆಗಲ ಟವಲಿನಿಂದ ಕುತ್ತಿಗೆ ಒರೆಸಿಕೊಂಡರು. ಸುಮಿತಾ ಕೆಳಗೆ ನೋಡಿ ನಕ್ಕಳು. ಏಣಿಯನ್ನು ಮುಂದಿನ ಕಿಂಡಿಗೆ ಸರಿಸಲು ಹೇಳಿ ಇಳಿದು ಬಂದಳು.