ತಗ್ಗಿನ ಕಾರು, ಎತ್ತರದ ಕಾರು

ಹಳೆಯ ಕಾರಿನೊಳಗೆ ನಾವು ಇಳಿದು ಕೂರುತ್ತಿದ್ದೆವು, ಹೊಸದರೊಳಗೆ ಹತ್ತಿ ಕೂರುತ್ತೇವೆ. ಎರಡಕ್ಕೂ ಏನು ವ್ಯತ್ಯಾಸವೆಂದು ಅಂಗಡಿಗೆ ಬಂದವರು ಕೇಳಿದಾಗ ನಾನು ಇಷ್ಟೇ ಹೇಳಿಬಿಡುತ್ತೇನೆ, ಅವರೂ ನಕ್ಕು ತಮ್ಮ ಬೀಜದ ಚೀಲ ಎತ್ತಿಕೊಂಡು ಹೋಗುತ್ತಾರೆ. ಆದರೆ ನೀವು ಪುರುಸೊತ್ತು ಮಾಡಿಕೊಂಡು ಓದಲು ಕೂತವರು. ನಿಮಗೂ ಅಷ್ಟೇ ಹೇಳಿ ಕೈತೊಳೆದುಕೊಂಡರೆ ಸರಿಯಾಗುವುದಿಲ್ಲ.

ಹಳೆಯದು ಬೂದುಬಣ್ಣದ ಸೆಡಾನ್. ಆರಿಸಿದವನು ನಮ್ಮಣ್ಣ. ಸಂಶಿಯಲ್ಲಿ ಮನೆ, ಗುಡಗೇರಿಯಲ್ಲಿ ನಮ್ಮಿಬ್ಬರ ಬೀಜ-ಗೊಬ್ಬರದ ಅಂಗಡಿ, ನಡುವೆ ಎರೆಹೊಲಗಳನ್ನು ಸೀಳಿಕೊಂಡು ಹೋಗುವ ರಸ್ತೆ. ಆ ರಸ್ತೆಗೆ ಹೊಟ್ಟೆ ನೆಲಕ್ಕೆ ತಾಗುವಂಥ ಗಾಡಿ ಬೇಡವೆಂದು ನಾನೆಷ್ಟು ಬಡಿದುಕೊಂಡರೂ ಅವನು ಕೇಳಲಿಲ್ಲ. "ಗಾಡಿ ಅಂದ್ರ ಹಿಂದ ಡಿಕ್ಕಿ ಇರಬೇಕಲೇ, ಇಲ್ಲಂದ್ರ ಬಾಲ ಕೊಯ್ದ ನಾಯಿ ಹಂಗ ಕಾಣ್ತೈತಿ" ಎಂಬುದು ಅವನ ತರ್ಕ. ಸ್ಟಿಯರಿಂಗ್ ಮುಟ್ಟುವ ಆಸೆ ಮಾತ್ರ ಅವನಿಗೆ ಎಂದೂ ಆಗಲಿಲ್ಲ. ನನ್ನ ಎಡಕ್ಕೆ ಕೂತು, ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಉದ್ದನೆಯ ಕಾಲು ಚಾಚಿಕೊಂಡು, ಜೀವನದಲ್ಲಿ ಒಮ್ಮೆಯೂ ಗಾಡಿ ಹೊಡೆಯದವನು ನನಗೆ ಗಾಡಿ ಹೊಡೆಯುವುದನ್ನು ಕಲಿಸುತ್ತಿದ್ದ. ರಸ್ತೆಯುಬ್ಬಿಗೆ ಕಾರಿನ ತಳ ಉಜ್ಜಿದರೆ ತನ್ನದೇ ಬೆನ್ನು ತರಚಿದಂತೆ ಹಲ್ಲು ಕಚ್ಚುತ್ತಿದ್ದ. ಹಿಂದಿನ ಸೀಟಿನಲ್ಲಿ ವೈನಿ, ಅಂದರೆ ಅವನ ಹೆಂಡತಿ. ಗುಡಗೇರಿಯ ಶಾಲೆಯಲ್ಲಿ ಅವರು ಶಿಕ್ಷಕಿ. ದಿನವೂ ಅವರನ್ನು ಶಾಲೆಯ ಮುಂದೆ ಇಳಿಸಿ ನಾವು ಅಂಗಡಿಯ ಬಾಗಿಲು ತೆಗೆಯುತ್ತಿದ್ದೆವು.

ತಗ್ಗಿನಲ್ಲಿ ಕೂತು ಹೋಗುವುದರಲ್ಲೂ ಒಂದು ಸುಖವಿತ್ತು. ದಾರಿಯಲ್ಲಿ ಸಿಕ್ಕವರು ಬಗ್ಗಿ, ಕಿಟಕಿಯ ಮೇಲೆ ಮೊಣಕೈ ಊರಿ, ಮನೆಯ ಕಟ್ಟೆಗೆ ಒರಗಿದಂತೆ ಮಾತಿಗೆ ನಿಲ್ಲುತ್ತಿದ್ದರು. ಆ ಕಾರಿನಿಂದ ದೂರದ್ದೇನೂ ಕಾಣುತ್ತಿರಲಿಲ್ಲ; ಎರಡೂ ಬಾಜು ಹೊಲದ ಒಡ್ಡು, ಒಡ್ಡಿನ ಮೇಲೆ ಜಾಲಿಕಂಟಿ, ಅದರಾಚೆ ಬರೀ ಆಕಾಶ. ಆಚೆ ಯಾರು ಏನು ಬಿತ್ತಿದ್ದಾರೆಂದು ತಿಳಿಯಲು ಕೆಳಗಿಳಿದು ಒಡ್ಡು ಹತ್ತಬೇಕಿತ್ತು. ಅಣ್ಣ ಇಳಿದು ಹತ್ತಿ ನೋಡಿ ಬಂದು, ಪರರ ಹತ್ತಿಯ ಬಗ್ಗೆ ಗುಡಗೇರಿಯವರೆಗೂ ಚಾಡಿ ಹೇಳುತ್ತಿದ್ದ. ಅಂಥ ಚಾಡಿಯನ್ನು ಕೇಳುವ ಭಾಗ್ಯ ಇನ್ನು ನನಗಿಲ್ಲ.

ಒಂದು ಮುಂಜಾನೆ ಅವನಿಗೆ ಎದೆ ಹಿಡಿದುಕೊಂಡಿತು. ಅದೇ ಕಾರಿನಲ್ಲಿ, ಅದೇ ಸೀಟಿನಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಗೆ ಓಡಿಸಿದೆ. ಕುಂದಗೋಳ ದಾಟುವವರೆಗೆ ಅವನು ನನ್ನ ಗೇರನ್ನು ಬೈಯುತ್ತಿದ್ದ, ಆಮೇಲೆ ಬೈಯಲಿಲ್ಲ. ಆಸ್ಪತ್ರೆಯ ಬಾಗಿಲಿನಲ್ಲಿ ಡಾಕ್ಟರು ಕಾರಿನ ಹತ್ತಿರವೇ ಬಂದು ನೋಡಿ, ನನ್ನ ಹೆಗಲ ಮೇಲೆ ಕೈಯಿಟ್ಟರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ ಪೂಜೆ ಮಾಡಿ, ಕೂತ ಹಾಗೆಯೇ ಸಮಾಧಿ ಮಾಡುತ್ತೇವೆ. ಹಾಗಾಗಿ ಅವನು ಅದೇ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡು, ಎಂದಿನಂತೆ ನನ್ನ ಎಡಕ್ಕೆ ಕೂತು ಊರಿಗೆ ಮರಳಿದ್ದು ನಮಗಾರಿಗೂ ವಿಪರೀತವೆನಿಸಲಿಲ್ಲ. ಹಿಂದೆ ಕೂತ ವೈನಿ ದಾರಿಯುದ್ದಕ್ಕೂ ಅವನ ಹೆಗಲ ಮೇಲಿನ ಕೈ ತೆಗೆಯಲಿಲ್ಲ, ಅಳಲೂ ಇಲ್ಲ. ಗುಡಗೇರಿ ದಾರಿಯ ನಮ್ಮ ಹೊಲದಲ್ಲಿ ಸಮಾಧಿಯಾಯಿತು. ಮೇಲೆ ಕಟ್ಟೆ ಕಟ್ಟಿಸಿ ಸುಣ್ಣ ಹೊಡೆಸಿದೆವು. ಅಮಾವಾಸ್ಯೆಗೊಮ್ಮೆ ಹೋಗಿ ಹೂವು ಏರಿಸಿ ಬರುತ್ತೇವೆ.

ಆಮೇಲೆ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ. ಕೂರಬೇಡಿರೆಂದು ಯಾರೂ ಹೇಳಿರಲಿಲ್ಲ. ನನ್ನ ಹೆಂಡತಿ ಹಿಂದಿನ ಬಾಗಿಲು ತೆಗೆದು ಕೂರುವಳು, ಮಕ್ಕಳು ಹಿಂದೆಯೇ ಇಕ್ಕಟ್ಟಾಗಿ ಕೂರುವರು, ನಾನು ಎಡಕ್ಕೆ ತಿರುಗದೆ ಗಾಡಿ ಹೊಡೆಯುವೆನು. ವೈನಿ ರಜೆ ಮುಗಿಸಿ ಶಾಲೆಗೆ ಹೊರಟ ದಿನ ಮಾತ್ರ ಕಾರಿನತ್ತ ಬರಲೇ ಇಲ್ಲ. ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆದರು. ಮರುದಿನವೂ ಬಸ್ಸು, ಅದರ ಮರುದಿನವೂ ಬಸ್ಸು. "ಕಾರ ಐತೆಲ್ರಿ ವೈನಿ" ಎಂದರೆ, "ಇರಲಿ ತಮ್ಮಾ, ಬಸ್ಸ ಚಲೋ ಆಗತೈತಿ ನನಗ" ಎನ್ನುವರು. ನಾನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವ ಕಾಲದಲ್ಲಿ ಸೊಸೆಯಾಗಿ ಬಂದವರು ಅವರು, ಇಂದಿಗೂ ನನ್ನನ್ನು ತಮ್ಮಾ ಎಂದೇ ಕರೆಯುತ್ತಾರೆ. ಅಂಥವರು ಮಳೆಯಲ್ಲಿ ಕೊಡೆ ಹಿಡಿದು ಬಸ್ಸಿಗೆ ಕಾಯುವಾಗ ನಾನು ಖಾಲಿ ಕಾರಿನಲ್ಲಿ ಮುಂದೆ ಹಾಯ್ದು ಹೋಗುವುದೆಂದರೆ ನನಗೆ ಸಹಿಸಲಾಗುತ್ತಿರಲಿಲ್ಲ.

ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಕೂತು ಯೋಚಿಸಿದೆವು. ಗಂಡ ಜೀವ ಬಿಟ್ಟ ಗಾಡಿ. ನೋಡಿದರೆ ಸಂಕಟವಾಗುತ್ತದೆ, ಆಗದಿರುತ್ತದೆಯೇ? ಅವರನ್ನೇ ಕೇಳಬಹುದಿತ್ತು ಎನ್ನುವಿರಿ. ನಮ್ಮ ಮನೆಗಳಲ್ಲಿ ಅಂಥದ್ದನ್ನು ಕೇಳುವುದಿಲ್ಲ, ಎದುರಿನವರ ಮನಸ್ಸನ್ನು ನಾವೇ ಊಹಿಸಿ, ಊಹಿಸಿದ್ದಕ್ಕೆ ತಕ್ಕಂತೆ ಅಕ್ಕರೆಯಿಂದ ನಡೆದುಕೊಳ್ಳುತ್ತೇವೆ. ಹುಬ್ಬಳ್ಳಿಗೆ ಹೋಗಿ ಸೆಡಾನನ್ನು ಕೊಟ್ಟು ಹೊಸ ಎಸ್‌ಯುವಿ ತಂದೆ. ಹಳೆಯದನ್ನು ಕಲಘಟಗಿಯ ಕಡೆಯವರಾರೋ ಒಯ್ದರೆಂದು ಆಮೇಲೆ ಕಿವಿಗೆ ಬಿತ್ತು.

ಹೊಸದನ್ನು ಬಾಗಿಲಿಗೆ ನಿಲ್ಲಿಸಿದಾಗ ಪಕ್ಕದ ಮನೆಯ ಕಾಕಾ ಒಂದು ಸುತ್ತು ಹಾಕಿ, "ಏನಪಾ, ಟ್ರ್ಯಾಕ್ಟರಿನ ತಮ್ಮನ್ನ ತಂದೀಯಲ್ಲ!" ಎಂದರು. ಗುಣದಲ್ಲಿ ಅದಕ್ಕೆ ಹೆಸರಿಡುವಂತಿಲ್ಲ. ಎರೆಮಣ್ಣಿನ ಕೆಸರಿಗೆ ಅಂಜುವುದಿಲ್ಲ, ರಸ್ತೆಯುಬ್ಬನ್ನು ಲೆಕ್ಕಕ್ಕೇ ಇಡುವುದಿಲ್ಲ, ಹಿಂದೆ ಸರಿಯುವಾಗ ಹಿಂದಿನದನ್ನೆಲ್ಲ ಮುಂದಿನ ಪರದೆಯಲ್ಲಿ ತೋರಿಸುತ್ತದೆ. ಬಗ್ಗಿ ಮಾತಾಡುತ್ತಿದ್ದವರು ಈಗ ತಲೆಯೆತ್ತಿ ನಮಸ್ಕಾರ ಮಾಡಿ ಮುಂದೆ ಹೋಗುತ್ತಾರೆ, ಅದೊಂದು ಬೇಜಾರು. ಒಳಗೆ ಕೂತರೆ ಒಡ್ಡು, ಜಾಲಿಕಂಟಿ ಎಲ್ಲ ಕಾಲ ಕೆಳಗಾಗಿ, ಮೆಣಸಿನಗಿಡ, ಹತ್ತಿ, ಕಡಲೆ, ಹರವಿಟ್ಟಂತೆ ಕಣ್ಣಿಗೆ ಬೀಳುತ್ತವೆ.

ಮೊದಲ ದಿನ ಅಂಗಡಿಗೆ ಹೊರಟಾಗ ನಮ್ಮ ಹೊಲದ ತಿರುವಿನಲ್ಲಿ ಅಣ್ಣನ ಸಮಾಧಿಯ ಸುಣ್ಣದ ಕಟ್ಟೆಯೂ ಹಾಗೆಯೇ ಕಣ್ಣಿಗೆ ಬಿತ್ತು. ಸೆಡಾನಿನಲ್ಲಿ ಎಷ್ಟೋ ಸಲ ಅದೇ ತಿರುವು ದಾಟಿದ್ದೆ, ಒಡ್ಡಿನ ಮರೆಯಿಂದಾಗಿ ಒಮ್ಮೆಯೂ ಕಂಡಿರಲಿಲ್ಲ. ಒಂದು ನೋವು ತಪ್ಪಿಸಲು ತಂದ ಗಾಡಿ ದಿನಬೆಳಗಾದರೆ ಇನ್ನೊಂದನ್ನು ತೋರಿಸುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ವೈನಿ ಹೊಸ ಗಾಡಿಗೂ ಬರದೆ ಬಸ್ಸನ್ನೇ ಹಿಡಿದಾಗ, ಸದ್ಯ ಬದುಕಿದೆ ಎಂದುಕೊಂಡೆ.

ಒಂದು ದಿನ ಬೆಳಿಗ್ಗೆ ಬಸ್ಸು ಬರಲಿಲ್ಲ. ಶಾಲೆಗೆ ಹೊತ್ತಾಗುತ್ತಿತ್ತು, ನಾನು ಗಾಡಿ ನಿಲ್ಲಿಸಿದೆ. ವೈನಿ ಹಿಂದಿನ ಬಾಗಿಲಿಗೆ ಹೋಗದೆ, ಸೀರೆ ಎತ್ತಿ ಹಿಡಿದು, ಮುಂದೆ ನನ್ನ ಎಡಕ್ಕೇ ಹತ್ತಿ ಕೂತರು. ತಿರುವು ಹತ್ತಿರವಾದಂತೆ, ಅವರಿಗೆ ಕಾಣುವ ಮೊದಲೇ ದಾಟಿಬಿಡಬೇಕೆಂದು ವೇಗ ಹೆಚ್ಚಿಸಿದೆ.

"ತಮ್ಮಾ, ಇಲ್ಲಿ ಸಾವಕಾಶ ಹೊಡಿ" ಎಂದರು.

ಗಾಡಿಯನ್ನು ಬಹುತೇಕ ನಿಲ್ಲಿಸಿಯೇ ಬಿಟ್ಟೆ. ಅವರು ಕಿಟಕಿಯತ್ತ ತಿರುಗಿ, ಹೊಲದ ಕಡೆ ನೋಡುತ್ತ, ಸೆರಗು ಸರಿಮಾಡಿಕೊಂಡರು.

"ಇದರಾಗ ಕುಂತ್ರೂ ಕಾಣ್ತಾರ" ಎಂದರು. "ಬಸ್ಸಿನ್ಯಾಗ ಎಡಗಡೆ ಕಿಡಕಿಗೆ ಕುಂತ್ರ ಕಾಣ್ತಿದ್ರು. ಆ ಕಾರಿನ್ಯಾಗ ಬರೇ ಒಡ್ಡ ಕಾಣ್ತಿತ್ತು. ಅದಕ್ಕ ನಾ ಬಸ್ಸಿಗೆ ಹೋಗತಿದ್ದೆ."

ಅಂದರೆ ಅವರಿಗೆ ಕಾರಿನ ಮೇಲೆ ಹೇಸಿಕೆಯಿರಲಿಲ್ಲ, ಆ ಸೀಟಿನ ಅಂಜಿಕೆಯೂ ಇರಲಿಲ್ಲ. ಅಂಜಿಕೆ ನಮ್ಮದು; ಅದನ್ನು ಅವರ ಹೆಸರಿಗೆ ಬರೆದು, ಅವರ ಮೇಲಿನ ಅಕ್ಕರೆಯಿಂದ ಕಾರು ಮಾರಿದ್ದೆವು.

ಮುಖ ಇತ್ತ ತಿರುಗಿಸದೆಯೇ ಅವರು ಹೇಳಿದರು: "ಅವರು ಕಡೀಕ ಕುಂತ ಗಾಡಿ ಅದು. ಇದ್ದಿದ್ರ ರಜಾದಿನ ಅದರಾಗ ಒಂದೀಟು ಕುಂತು ಬರತಿದ್ದೆ. ನಿನಗ ದೊಡ್ಡ ಗಾಡಿ ಬೇಕಾಗೇತಿ ಅಂತ ತಿಳದು ನಾ ಬಾಯಿ ಬಿಡಲಿಲ್ಲ. ಹೌದಿಲ್ಲೋ?"

ಇಲ್ಲ ವೈನಿ, ನಿಮ್ಮ ಸಲುವಾಗಿಯೇ ಮಾರಿದೆ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಹೇಳಿದ್ದರೆ ನನ್ನ ಎದೆ ಹಗುರಾಗುತ್ತಿತ್ತು. ಆದರೆ ತಮ್ಮಿಂದಲೇ ಆ ಗಾಡಿ ಹೋಯಿತೆಂಬುದನ್ನು ಅವರು ಸಾಯುವತನಕ ಹೊರಬೇಕಾಗುತ್ತಿತ್ತು.

"ಹೌದ್ರಿ ವೈನಿ" ಎಂದೆ. "ದೊಡ್ಡ ಗಾಡಿ ಮ್ಯಾಲ ನನಗ ಭಾಳ ಆಸೆ ಆಗಿತ್ರಿ."